ಏಳು ಜನ ಒಂದಾಗುವ ಆ ಒಂದು ಗಂಟೆ: ‘ಸೆವೆನ್ ಸಮುರಾಯ್’ ಡಿಸ್ಕ್ ಹೇಗಿದೆ?

ಈ ಡಿಸ್ಕ್ ಕೊಂಡು ನಾಲ್ಕು ತಿಂಗಳಾಯಿತು. ಪೂರ್ತಿ ಸಿನಿಮಾ ನೋಡಿದ್ದು ಎರಡು ಸಲ. ಮೊದಲ ಒಂದು ಗಂಟೆಯನ್ನು ಮಾತ್ರ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಆ ಗಂಟೆಯ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ. ನಾನು ಡಿಸ್ಕ್ ತರಿಸಿದ್ದೇ ಅದಕ್ಕಾಗಿ. ಕೊನೆಯಲ್ಲಿ ಯಾರು ಸಾಯುತ್ತಾರೆ ಅನ್ನುವುದೂ ಮುಂದೆ ಬರುತ್ತದೆ. ಸಿನಿಮಾ ನೋಡದವರು ನೋಡಿಬಂದು ಓದಿದರೆ ಒಳ್ಳೆಯದು.

ಕಾಲೇಜಿನಲ್ಲಿ ನಮ್ಮದೊಂದು ನಾಟಕ ತಂಡ ಇತ್ತು. ಒಂಬತ್ತು ಜನ. ನಾನು ಬಣ್ಣ ಹಚ್ಚಿದವನಲ್ಲ, ಲೈಟಿಂಗ್ ನೋಡಿಕೊಳ್ಳುತ್ತಿದ್ದೆ. ಓದು ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಾದೆವು. 18 ವರ್ಷ ಆದಮೇಲೆ ಅದೇ ಜನರನ್ನು ಸೇರಿಸಿ ಇನ್ನೊಂದು ನಾಟಕ ಮಾಡಬೇಕು ಅಂತ ಆಸೆ ಹುಟ್ಟಿತು. ವಾಟ್ಸಾಪ್ ಗ್ರೂಪಿನಲ್ಲಿ ಉದ್ದದ ಮೆಸೇಜ್ ಹಾಕಿದೆ. ಐದು ಹೆಬ್ಬೆರಳು ಬಂದವು. ‘ಬರ್ತೀನಿ’ ಅಂತ ಒಬ್ಬರೂ ಬರೆಯಲಿಲ್ಲ. ಆ ವಾರ ನನಗೆ ನಿಜಕ್ಕೂ ಬೇಜಾರಾಗಿತ್ತು. ಚದುರಿದವರನ್ನು ಸೇರಿಸುವ ಕಥೆಗಳೆಂದರೆ ನನಗೆ ಚಿಕ್ಕಂದಿನಿಂದ ಪ್ರಾಣ. ಆ ಕಥೆಗಳಲ್ಲಿ ಜನ ಯಾಕೆ ಹೂಂ ಅನ್ನುತ್ತಾರೆ? ಅದನ್ನು ಒಂದು ಸಲ ಗಮನ ಕೊಟ್ಟು ನೋಡೋಣ ಅನ್ನಿಸಿತು.

ಮೊದಲು ಡಿಸ್ಕ್ ವಿಷಯ ಹೇಳಿಬಿಡುತ್ತೇನೆ. ಅಕಿರಾ ಕುರೊಸಾವಾ ಅವರ ಈ ಸಿನಿಮಾ ಬಂದಿದ್ದು 1954ರಲ್ಲಿ. ಕಪ್ಪು ಬಿಳುಪು, ಜಪಾನಿ ಭಾಷೆ. ಕೊಳ್ಳುವ ಮುಂಚೆ ಡಬ್ಬಿಯ ಹಿಂಭಾಗದಲ್ಲಿ ನಿಮಿಷದ ಲೆಕ್ಕ ನೋಡಿ. 207 ನಿಮಿಷ ಇರಬೇಕು. ಬೇರೆ ದೇಶಗಳಿಗೆ ಹೋದಾಗ ಇದನ್ನು ಕತ್ತರಿಸಿ ತೋರಿಸಿದ್ದುಂಟು. ಕೆಲವು ವರ್ಷದ ಹಿಂದೆ ಒಂದು ಕಡೆಯಿಂದ ನಾನು ತರಿಸಿದ ಡಿಸ್ಕ್ ಅಂಥದ್ದೇ ಆಗಿತ್ತು. ಡಬ್ಬಿಯ ಮೇಲೆ ಒಂದು ಮಾತೂ ಹೇಳಿರಲಿಲ್ಲ. ಜನ ಸೇರುವ ಭಾಗ ಓಡಿಹೋಗುತ್ತಿತ್ತು. ಇವನು ಯಾರು, ಯಾವಾಗ ಬಂದ ಅಂತ ನಾನೇ ಊಹಿಸಿಕೊಳ್ಳಬೇಕಿತ್ತು. ಈಗಿನದು ಪೂರ್ತಿ ಇದೆ. ಎರಡು ಡಿಸ್ಕ್, ಸಿನಿಮಾದಲ್ಲೇ ಇರುವ ಮಧ್ಯಂತರದ ಹತ್ತಿರ ಒಂದು ಮುಗಿಯುತ್ತದೆ. ಚಿತ್ರ ಸ್ವಚ್ಛವಾಗಿದೆ. ಕೆಸರಿನ ಮಿನುಗು, ಮುಖದ ಬೆವರು ಎಲ್ಲ ಕಾಣುತ್ತದೆ. ಬೆಳಕಿನ ಕೆಲಸ ಮಾಡಿದವನಿಗೆ ಇದು ದೊಡ್ಡ ವಿಷಯ. ಸಬ್‌ಟೈಟಲ್ ಬಿಳಿ ಅಕ್ಷರದಲ್ಲಿದೆ, ಬಿಳಿ ಆಕಾಶ ಬಂದ ಕಡೆ ಓದುವುದು ಕಷ್ಟ. ಇನ್ನೊಂದು ಕೊರತೆ, ನನಗೆ ಎಲ್ಲಕ್ಕಿಂತ ಇಷ್ಟವಾದ ದೃಶ್ಯಕ್ಕೆ ಬೇರೆ ಅಧ್ಯಾಯ ಕೊಟ್ಟಿಲ್ಲ. ಪ್ರತಿ ಸಲ ಫಾರ್ವರ್ಡ್ ಮಾಡಿ ಹುಡುಕಬೇಕು.

ಕಥೆ ನಡೆಯುವುದು 16ನೇ ಶತಮಾನದ ಜಪಾನಿನಲ್ಲಿ. ಫಸಲು ಬಂದ ಕೂಡಲೇ ನಲವತ್ತು ಡಕಾಯಿತರು ಊರಿಗೆ ನುಗ್ಗುತ್ತಾರೆ ಅಂತ ರೈತರಿಗೆ ಗೊತ್ತಾಗುತ್ತದೆ. ಹಸಿದಿರುವ ಸಮುರಾಯ್‌ಗಳನ್ನು, ಅಂದರೆ ಕತ್ತಿ ಹಿಡಿದ ಯೋಧರನ್ನು, ಹುಡುಕಿ ಅನ್ನುತ್ತಾನೆ ಊರಿನ ಹಿರಿಯ. ಹಸಿವಾದರೆ ಕರಡಿಯೂ ಕಾಡಿನಿಂದ ಇಳಿದು ಬರುತ್ತದಲ್ಲ, ಅದು ಅವನ ಲೆಕ್ಕ. ಕೂಲಿಯಾಗಿ ಕೊಡಲು ಅವರ ಹತ್ತಿರ ಇರುವುದು ಅನ್ನ ಮಾತ್ರ.

ಮೊದಲು ಸಿಗುವವನು ಕಾಂಬೇ. ಟಕಾಶಿ ಶಿಮುರಾ ಮಾಡಿದ ಪಾತ್ರ. ಕಳ್ಳನೊಬ್ಬ ಮಗುವನ್ನು ಹಿಡಿದು ಕೊಟ್ಟಿಗೆಯಲ್ಲಿ ಕೂತಿರುತ್ತಾನೆ. ಕಾಂಬೇ ತನ್ನ ಜುಟ್ಟು ಕತ್ತರಿಸಿ, ತಲೆ ಬೋಳಿಸಿಕೊಂಡು, ಸನ್ಯಾಸಿ ವೇಷದಲ್ಲಿ ಎರಡು ಅನ್ನದ ಉಂಡೆ ಹಿಡಿದು ಒಳಗೆ ಹೋಗುತ್ತಾನೆ. ಸಮುರಾಯ್‌ಗೆ ಜುಟ್ಟು ಅಂದರೆ ಮಾನ. ಒಂದು ಮಗುವಿಗಾಗಿ ಅದನ್ನು ತೆಗೆದುಹಾಕಿದ. ಅವನು ಯಾರು ಅಂತ ಯಾರೂ ಬಾಯಲ್ಲಿ ಹೇಳಬೇಕಿಲ್ಲ.

ಆದರೂ ರೈತರು ಕೇಳಿದಾಗ ಅವನು ಆಗಲ್ಲ ಅನ್ನುತ್ತಾನೆ. ಇದು ನನಗೆ ತುಂಬ ಮುಖ್ಯ ಅನ್ನಿಸಿತು. ಬೇಡ ಅನ್ನಲು ಅವನಿಗೆ ಸರಿಯಾದ ಕಾರಣಗಳಿವೆ. ಕನಿಷ್ಠ ಏಳು ಜನ ಬೇಕು, ಅನ್ನಕ್ಕಾಗಿ ಯಾರು ಬರುತ್ತಾರೆ, ತನಗೂ ಯುದ್ಧ ಸಾಕಾಗಿದೆ. ಆಗ ಅದೇ ಛತ್ರದಲ್ಲಿ ಮಲಗುವ ಒಬ್ಬ ಕೂಲಿಯವನಿಗೆ ಸಿಟ್ಟು ಬರುತ್ತದೆ. ಅಲ್ಲಿಯವರೆಗೆ ರೈತರನ್ನು ಗೇಲಿ ಮಾಡುತ್ತಿದ್ದವನೇ ಅವನು. ಅನ್ನದ ಬಟ್ಟಲು ತಂದು ಮುಂದೆ ಹಿಡಿಯುತ್ತಾನೆ. ಇದು ನಿಮಗೆ, ಅವರು ಏನು ತಿನ್ನುತ್ತಾರೆ ಗೊತ್ತಾ, ಒರಟು ಸಿರಿಧಾನ್ಯ ಅನ್ನುತ್ತಾನೆ. ಕಾಂಬೇ ಬಟ್ಟಲು ತೆಗೆದುಕೊಂಡು, ಈ ಅನ್ನವನ್ನು ವ್ಯರ್ಥ ಮಾಡುವುದಿಲ್ಲ ಅನ್ನುತ್ತಾನೆ. ಅಷ್ಟೇ. ಹೂಂ ಅನ್ನುವ ಮಾತೇ ಇಲ್ಲ. ರೈತರ ಅಕ್ಕಿ ಕಳ್ಳತನವಾಗಿ, ನೆಲಕ್ಕೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸುವುದನ್ನೂ ಸಿನಿಮಾ ತೋರಿಸುತ್ತದೆ. ಆ ಬಟ್ಟಲು ಎಷ್ಟು ಭಾರ ಅಂತ ನಮಗೆ ಗೊತ್ತು.

ನಂತರ ಒಬ್ಬೊಬ್ಬರೇ ಬರುತ್ತಾರೆ. ಬಾಗಿಲ ಹಿಂದೆ ದೊಣ್ಣೆ ಹಿಡಿದು ನಿಂತ ಹುಡುಗ ಒಳಗೆ ಬಂದವರಿಗೆ ಹೊಡೆಯಬೇಕು. ಅದು ಕಾಂಬೇ ಇಟ್ಟ ಪರೀಕ್ಷೆ. ಒಬ್ಬ ಏಟು ತಡೆಯುತ್ತಾನೆ, ಆದರೆ ಅವಮಾನವಾಯಿತು ಅಂತ ಹೊರಟುಹೋಗುತ್ತಾನೆ. ಗೊರೊಬೇ ಹೊಸ್ತಿಲಲ್ಲೇ ನಿಂತು, ತಮಾಷೆ ಬೇಡ ಅಂತ ನಗುತ್ತಾನೆ. ಅವನು ಒಪ್ಪಿಕೊಳ್ಳುವುದು ರೈತರ ಕಷ್ಟಕ್ಕಿಂತ ಹೆಚ್ಚಾಗಿ ಕಾಂಬೇ ಎಂಥವನು ಅಂತ ನೋಡಿ. ಹಾಗಂತ ಬಾಯಿಬಿಟ್ಟು ಹೇಳುತ್ತಾನೆ ಕೂಡ. ಹೇಹಾಚಿ ಊಟದ ಬದಲಿಗೆ ಸೌದೆ ಸೀಳುತ್ತಿರುವಾಗ ಸಿಗುತ್ತಾನೆ. ಅವನ ಕತ್ತಿವರಸೆ ಸಾಧಾರಣ, ಆದರೆ ಕಷ್ಟದಲ್ಲಿ ಅವನ ಜೊತೆ ಇದ್ದರೆ ಮನಸ್ಸು ಹಗುರ. ತಂಡಕ್ಕೆ ಅಂಥ ಒಬ್ಬ ಬೇಕು, ಅಲ್ವಾ? ಕ್ಯೂಜೋಗೆ ಕತ್ತಿ ಬಿಟ್ಟರೆ ಬೇರೆ ಯೋಚನೆ ಇಲ್ಲ. ಸಿಗುವುದಿಲ್ಲ ಅಂತ ಬಿಟ್ಟಿರುವಾಗ ತಾನಾಗಿ ಬಂದು ನಿಲ್ಲುತ್ತಾನೆ. ಯಾಕೆ ಬಂದ ಅಂತ ಹೇಳುವುದಿಲ್ಲ. ದೊಣ್ಣೆ ಹಿಡಿದಿದ್ದ ಹುಡುಗ ಕಾತ್ಸುಶಿರೋನನ್ನು ಕಾಂಬೇ ಮನೆಗೆ ಹೋಗು ಅನ್ನುತ್ತಾನೆ, ಉಳಿದವರು ಅವನ ಪರ ಮಾತಾಡುತ್ತಾರೆ.

ಈಗ ನಾನು ಹುಡುಕಿ ಹುಡುಕಿ ನೋಡುವ ದೃಶ್ಯ. ಶಿಚಿರೋಜಿ. ಒಂದು ಕಾಲದಲ್ಲಿ ಕಾಂಬೇಯ ಬಲಗೈ. ಸೋತ ಯುದ್ಧದಲ್ಲಿ ಬೇರೆಯಾದರು, ಅವನು ಸತ್ತ ಅಂತಲೇ ಕಾಂಬೇ ತಿಳಿದಿರುತ್ತಾನೆ. ಈಗ ಹೊರೆ ಹೊತ್ತು ಸಣ್ಣ ವ್ಯಾಪಾರ ಮಾಡುತ್ತಿರುವವನು ಅಕಸ್ಮಾತ್ ಎದುರಾಗುತ್ತಾನೆ. ಹೇಗೆ ಬದುಕಿದೆ ಅಂದರೆ, ನೀರಿನಲ್ಲಿ ಅಡಗಿದ್ದೆ ಅನ್ನುತ್ತಾನೆ. ಉರಿಯುತ್ತಿದ್ದ ಕೋಟೆ ಮೇಲೆ ಕುಸಿದಾಗ ಮುಗಿಯಿತು ಅಂದುಕೊಂಡನಂತೆ. ಯುದ್ಧ ಸಾಕಾಯಿತಾ ಅಂತ ಕಾಂಬೇ ಕೇಳುತ್ತಾನೆ. ಉತ್ತರ ಒಂದು ನಗು. ಆಮೇಲೆ ಕಾಂಬೇ ಇದ್ದದ್ದನ್ನು ಇದ್ದಹಾಗೆ ಹೇಳುತ್ತಾನೆ. ಕಷ್ಟದ ಯುದ್ಧ ಇದೆ, ದುಡ್ಡೂ ಇಲ್ಲ, ಪದವಿಯೂ ಇಲ್ಲ, ಬರ್ತೀಯಾ? ಬರ್ತೀನಿ. ಈ ಸಲ ಸಾಯಬಹುದು ಅನ್ನುತ್ತಾನೆ. ಶಿಚಿರೋಜಿ ಮತ್ತೆ ನಗುತ್ತಾನೆ. ಒಂದೆರಡು ನಿಮಿಷವೂ ಇಲ್ಲದ ದೃಶ್ಯ. ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಬಾಗಿಲಿಗೆ ಬಂದವರನ್ನು ಪರೀಕ್ಷೆ ಮಾಡಿದ ಕಾಂಬೇ ಇವನಿಗೆ ದೊಣ್ಣೆಯ ಪರೀಕ್ಷೆ ಇಡುವುದಿಲ್ಲ. ಹಳೆಯ ಗೆಳೆಯನಿಗೆ ಬೇಕಾದದ್ದು ಸತ್ಯ ಮಾತ್ರ.

ಏಳನೆಯವನನ್ನು ಯಾರೂ ಆರಿಸುವುದಿಲ್ಲ. ಕಿಕುಚಿಯೋ ಕುಡಿದು ಬಂದು ಬಾಗಿಲಲ್ಲಿ ಏಟು ತಿನ್ನುತ್ತಾನೆ, ಯಾರದ್ದೋ ವಂಶಾವಳಿ ತೋರಿಸಿ ತಾನು ಸಮುರಾಯ್ ಅನ್ನುತ್ತಾನೆ. ಬೇಡ ಅಂದರೂ ದಾರಿಯುದ್ದಕ್ಕೂ ಹಿಂದೆ ಬರುತ್ತಾನೆ. ಊರಿಗೆ ಬಂದಾಗ ಹೆದರಿದ ರೈತರು ಬಾಗಿಲು ಹಾಕಿಕೊಂಡಿರುತ್ತಾರೆ. ಇವನು ಡಕಾಯಿತರು ಬಂದರು ಅನ್ನುವ ಎಚ್ಚರಿಕೆ ಸದ್ದು ಮಾಡಿ ಎಲ್ಲರನ್ನೂ ಹೊರಗೆ ಓಡಿಸುತ್ತಾನೆ. ಅಲ್ಲಿಗೆ ಏಳು ಜನ ಆದರು. ಬರೆಯುವಾಗ ಮೊದಲು ಆರೇ ಸಮುರಾಯ್‌ಗಳಿದ್ದರಂತೆ. ನಟ ತೊಶಿರೋ ಮಿಫುನೆ ಕ್ಯೂಜೋ ಆಗಬೇಕಿತ್ತು. ಎಲ್ಲರೂ ಗಂಭೀರ, ಲಂಗುಲಗಾಮಿಲ್ಲದ ಒಬ್ಬ ಬೇಕು ಅಂತ ಕಿಕುಚಿಯೋನನ್ನು ಸೇರಿಸಿ ಮಿಫುನೆಗೆ ಕೊಟ್ಟರು. ಕಥೆಯೊಳಗೆ ತಾನಾಗಿ ಬಂದು ಸೇರಿದವನು ಕಥೆ ಬರೆಯುವಾಗಲೂ ಕೊನೆಗೇ ಬಂದ ಅಂತ ಗೊತ್ತಾದಾಗ ನನಗೆ ಖುಷಿಯಾಯಿತು. ಹೇಹಾಚಿ ಹೊಲಿದ ಬಾವುಟದಲ್ಲಿ ಆರು ವೃತ್ತ, ಒಂದು ತ್ರಿಕೋನ. ತ್ರಿಕೋನ ಕಿಕುಚಿಯೋ.

1980ರ ‘ದಿ ಬ್ಲೂಸ್ ಬ್ರದರ್ಸ್’ನಲ್ಲೂ ಒಡೆದ ವಾದ್ಯತಂಡವನ್ನು ಸೇರಿಸುವ ಕೆಲಸ ಇದೆ. ಒಬ್ಬ ಊಟದ ಹೋಟೆಲಿನಲ್ಲಿ ದುಡಿಯುತ್ತಿರುತ್ತಾನೆ, ಹೆಂಡತಿ ಹೋಗಬೇಡ ಅಂತ ಹಾಡಿ ತಡೆದರೂ ಹೊರಟುಬಿಡುತ್ತಾನೆ. ನಡುವಿನ ವರ್ಷಗಳಲ್ಲಿ ಯಾರು ಏನಾದರು ಅಂತ ಅದು ಚೆನ್ನಾಗಿ ತೋರಿಸುತ್ತದೆ. ರಾಮಾಯಣದಲ್ಲಿ ಸುಗ್ರೀವ ದಿಕ್ಕುದಿಕ್ಕಿನ ವಾನರರನ್ನು ಕರೆಸುತ್ತಾನೆ, ಅಲ್ಲಿ ರಾಜನ ಅಪ್ಪಣೆ. ಕಾಂಬೇಗೆ ಅಪ್ಪಣೆಯ ಬಲ ಇಲ್ಲ. ಕೇಳಬೇಕು, ಬೇಡ ಅಂದರೆ ಕೇಳಿಸಿಕೊಳ್ಳಬೇಕು.

ಎರಡನೇ ಡಿಸ್ಕಿನ ಬಗ್ಗೆ ಇಷ್ಟೇ ಹೇಳುತ್ತೇನೆ. ಏಳರಲ್ಲಿ ನಾಲ್ವರು ಸಾಯುತ್ತಾರೆ, ನಾಲ್ವರೂ ಗುಂಡಿಗೆ. ಕತ್ತಿಗೆ ಒಬ್ಬನೂ ಸೋಲುವುದಿಲ್ಲ. ಹೇಹಾಚಿ ಬಿದ್ದಾಗ ನೆನಪಾಗುವುದು ಸೌದೆ ಸೀಳುತ್ತಿದ್ದ ಆ ಮುಖ. ಮೊದಲ ಗಂಟೆ ನಿಧಾನ ಅಂತ ಬೇಸರಪಡುವವರಿಗೆ ನನ್ನ ಕೋರಿಕೆ ಒಂದೇ, ಅಲ್ಲಿ ಫಾರ್ವರ್ಡ್ ಒತ್ತಬೇಡಿ. ಮಳೆಯ ಯುದ್ಧ ಕಾಯುತ್ತದೆ.

ಡಿಸ್ಕ್ ನೋಡಿದ ಮರುವಾರ ಗ್ರೂಪಿನಲ್ಲಿ ಬರೆಯುವುದು ಬಿಟ್ಟು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮೊದಲು ಮಾಡಿದ್ದು ನಮ್ಮ ಸ್ಟೇಜ್ ಮ್ಯಾನೇಜರ್ ಆಗಿದ್ದವನಿಗೆ. ಹನ್ನೊಂದು ವರ್ಷ ಮಾತಾಡಿರಲಿಲ್ಲ. ಇದ್ದದ್ದನ್ನೇ ಹೇಳಿದೆ. ದುಡ್ಡಿಲ್ಲ ಕಣೋ, ರಿಹರ್ಸಲ್ ರಾತ್ರಿ ಹೊತ್ತು, ನಾಟಕ ಬೀಳಲೂಬಹುದು, ನೀನಿಲ್ಲದೆ ನನಗೆ ಧೈರ್ಯ ಬರ್ತಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಯಾವ ವಾರ?’ ಅಂದ.

ಈಗ ಒಂಬತ್ತರಲ್ಲಿ ಆರು ಜನ ಇದ್ದೇವೆ. ಇಬ್ಬರು ಆಗಲ್ಲ ಅಂದರು, ಅವರ ಕಾರಣಗಳು ನಿಜವಾದವು. ಇನ್ನೊಬ್ಬಳು ಏನೂ ಹೇಳಿಲ್ಲ. ಮೊನ್ನೆ ಆ ಡಿಸ್ಕ್ ಒಂದು ವಾರ ಕೊಡು ಅಂತ ಕೇಳಿದಳು, ಕೊಟ್ಟಿದ್ದೇನೆ.