ಬೇಂದ್ರೆಯವರ ಸಹಿಯಿದೆ ಎಂದು ಮಾರುವ ಹಳೆಯ ಪ್ರತಿಗಳ ಬಗ್ಗೆ ಎಚ್ಚರವಿರಲಿ

ಹಿರಿಯ ಕನ್ನಡ ಲೇಖಕರ ಹಸ್ತಾಕ್ಷರವಿರುವ ಮೊದಲ ಮುದ್ರಣದ ಪುಸ್ತಕಗಳನ್ನು ಸಂಗ್ರಹಿಸುವವರು, ವಾಟ್ಸಾಪ್ ಗುಂಪುಗಳಲ್ಲಿ ಫೋಟೊ ಹಾಕಿ ಮಾರುವವರಿಂದ ಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಬೇಕು. ಅಂಥ ಒಬ್ಬ ಮಾರಾಟಗಾರ ದ. ರಾ. ಬೇಂದ್ರೆಯವರ ‘ನಾಕುತಂತಿ’ಯ 1964ರ ಮೊದಲ ಮುದ್ರಣ ಎಂದು ಹೇಳಿ, ಶೀರ್ಷಿಕೆ ಪುಟದಲ್ಲಿ ‘ಅಂಬಿಕಾತನಯದತ್ತ’ ಎಂಬ ಸಹಿಯೂ 1966ರ ತಾರೀಖೂ ಇರುವ ಪ್ರತಿಯೊಂದನ್ನು ನನಗೆ ಹದಿನೆಂಟು ಸಾವಿರ ರೂಪಾಯಿಗೆ ಮಾರಿದ್ದಾನೆ. ಧಾರವಾಡದ ನಿವೃತ್ತ ಶಿಕ್ಷಕರೊಬ್ಬರ ಮನೆಯಿಂದ ಬಂದದ್ದು ಎಂದು ನಂಬಿಸಿದ್ದ. ಆ ಸಹಿ ನಕಲಿ. ಪ್ರತಿ ಮೊದಲ ಮುದ್ರಣದ್ದೂ ಅಲ್ಲ.

ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬೆಲೆ ಇರುವ ಹಾಳೆಯೇ ಆ ಪ್ರತಿಯಲ್ಲಿ ಇರಲಿಲ್ಲ. ಹುಳು ತಿಂದಿದ್ದರಿಂದ ತೆಗೆದೆವು ಎಂದು ಮಾರಾಟಗಾರ ಹೇಳಿದ್ದ. ಆದರೆ ಹೊಲಿಗೆಯ ಪಕ್ಕದಲ್ಲಿ ಉಳಿದಿದ್ದ ಅಂಚು ಬ್ಲೇಡಿನಿಂದ ಕುಯ್ದಷ್ಟು ನೇರವಾಗಿತ್ತು, ಅಕ್ಕಪಕ್ಕದ ಹಾಳೆಗಳಲ್ಲಿ ಹುಳುವಿನ ಒಂದು ತೂತೂ ಇರಲಿಲ್ಲ. ಆ ಹಾಳೆಯನ್ನು ಕತ್ತರಿಸಿದವರು ಪುಸ್ತಕದ ಕೊನೆಯಲ್ಲಿದ್ದ ಪ್ರಕಾಶಕರ ಇತರ ಪುಸ್ತಕಗಳ ಪಟ್ಟಿಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ವಿಳಾಸ ಆರಂಕಿಯ ಪಿನ್ ಕೋಡಿನೊಂದಿಗೆ ಮುಗಿಯುತ್ತಿತ್ತು. ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮೊದಲಿನ ಪುಸ್ತಕಗಳಲ್ಲಿ ‘ಬೆಂಗಳೂರು-2’ ಎಂಬಂತೆ ಊರಿನ ಹೆಸರಿನ ಮುಂದೆ ಅಂಚೆ ವಲಯದ ಸಂಖ್ಯೆಯಷ್ಟೇ ಇರುತ್ತಿತ್ತು. 1972ರ ನಂತರ ಅಚ್ಚಾದ ಪುಸ್ತಕಕ್ಕೆ 1966ರಲ್ಲಿ ಯಾರೂ ಸಹಿ ಹಾಕಿರಲು ಸಾಧ್ಯವಿಲ್ಲ. ಹಳೆಯ ಕನ್ನಡ ಪುಸ್ತಕ ಕೊಳ್ಳುವವರು ಸಹಿಗಿಂತ ಮೊದಲು ವಿಳಾಸವನ್ನು ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಹಾಗೆಯೇ, ‘ಜ್ಞಾನಪೀಠ ಪುರಸ್ಕೃತ ಕೃತಿ’ ಎಂದು ರಕ್ಷಾಪುಟದ ಮೇಲೆ ಅಚ್ಚಾಗಿದ್ದರೆ, ಆ ಪ್ರಶಸ್ತಿ 1973ನೆಯ ಸಾಲಿನದು ಎಂಬುದೂ ನೆನಪಿನಲ್ಲಿರಬೇಕು.

ಸಹಿಯ ವಿಷಯಕ್ಕೆ ಬಂದರೆ, ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಭೂತಗನ್ನಡಿಯೊಂದು ಸಾಕಷ್ಟು ಹೇಳುತ್ತದೆ. ಆ ಪುಟದ ಮೂಲೆ ಹಿಂದೆಂದೋ ಮಡಿಸಿ ಸವೆದಿತ್ತು. ಸಹಿಯ ಕೊನೆಯ ಗೆರೆ ಆ ಮಡಿಕೆಯನ್ನು ದಾಟುವಲ್ಲಿ ಶಾಯಿ ಮುರಿದ ಎಳೆಗಳೊಳಗೆ ಇಳಿದು ಎರಡೂ ಕಡೆ ಹರಡಿಕೊಂಡಿತ್ತು. ಮೊದಲು ಬರೆದು ಆಮೇಲೆ ಮಡಿಸಿದ್ದರೆ ಗೆರೆ ಮಡಿಕೆಯ ಮೇಲೆ ಬಿರುಕು ಬಿಡಬೇಕಿತ್ತೇ ಹೊರತು ಹೀಗೆ ಹರಡುತ್ತಿರಲಿಲ್ಲ. ಅಂದರೆ ಹಾಳೆ ಹಳೆಯದಾಗಿ ಸವೆದ ಮೇಲೆ ಅದರ ಮೇಲೆ ಬರೆಯಲಾಗಿದೆ. ಇನ್ನೊಂದು ಬಗೆಯ ವಂಚನೆಯೂ ಇದೆ: ಮುನ್ನುಡಿಯ ಕೊನೆಯಲ್ಲಿ ಲೇಖಕರ ಸಹಿಯ ಬ್ಲಾಕ್ (ಮುದ್ರಣದ ಪಡಿಯಚ್ಚು) ಮಾಡಿಸಿ ಅಚ್ಚು ಹಾಕುವ ರೂಢಿ ನಮ್ಮಲ್ಲಿ ಇತ್ತು. ಅದನ್ನೇ ಕೈಬರಹವೆಂದು ಮಾರುತ್ತಾರೆ. ಅದೇ ಮುದ್ರಣದ ಇನ್ನೊಂದು ಪ್ರತಿಯನ್ನು ಗ್ರಂಥಾಲಯದಲ್ಲಿ ನೋಡಿದರೆ ಸಾಕು, ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಅದೇ ಸಹಿ ಅಲ್ಲಿಯೂ ಕಾಣುತ್ತದೆ.

ಪುಸ್ತಕದ ಜೊತೆಗೆ ಬಂದ, ಚಿನ್ನದ ಬಣ್ಣದ ಮುದ್ರೆಯೊತ್ತಿದ ‘ದೃಢೀಕರಣ ಪತ್ರ’ಕ್ಕೆ ಯಾವ ಬೆಲೆಯೂ ಇಲ್ಲ. ಅದರಲ್ಲಿದ್ದ ಮೊಬೈಲ್ ಸಂಖ್ಯೆ ಮಾರಾಟಗಾರನದ್ದೇ ಆಗಿತ್ತು. ಹಣ ವಾಪಸು ಕೇಳಿದಾಗ ಅವನು ಆ ಪತ್ರವನ್ನೇ ಮುಂದೆ ಮಾಡಿದ, ಆಮೇಲೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದ.

ಹೀಗೆ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಿ ಸೈಬರ್ ವಂಚನೆಯ ದೂರು ದಾಖಲಿಸಬೇಕು. ವ್ಯಾಪಾರವಾಗಿಯೇ ಮಾರುವವರ ವಿರುದ್ಧ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವರು ತಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಸಂದೇಶಗಳು, ಫೋಟೊಗಳು, ಹಣ ಸಂದಾಯದ ವಿವರ, ಪಾರ್ಸೆಲಿನ ಹೊದಿಕೆ ಯಾವುದನ್ನೂ ಬಿಸಾಡಬಾರದು.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸುವುದು ಬೇರೆಯೇ ಇದೆ. ಸಾಧನಕೇರಿಗೆ ಹೋಗಿ, ಕವಿಯ ಎದುರು ಕುಳಿತು ಸಹಿ ಪಡೆದು ಬಂದ ಓದುಗರ ಪ್ರತಿಗಳು ಇಂದಿಗೂ ಹಲವು ಮನೆಗಳ ಕಪಾಟಿನಲ್ಲಿವೆ. ಇಂಥ ನಕಲಿಗಳು ಹೆಚ್ಚಿದಷ್ಟೂ ಆ ನಿಜವಾದ ಪ್ರತಿಗಳನ್ನೂ ಜನ ಅನುಮಾನದಿಂದ ನೋಡುತ್ತಾರೆ, ಮುಂದೆ ಬೇಂದ್ರೆಯವರ ಕೈಬರಹವನ್ನು ಅಭ್ಯಾಸ ಮಾಡುವವರು ಸುಳ್ಳು ತಾರೀಖುಗಳನ್ನು ನಂಬುವ ಅಪಾಯವೂ ಇದೆ. ಆದ್ದರಿಂದ ನನ್ನ ಪ್ರತಿಯನ್ನು ಯಾರಿಗೂ ದಾಟಿಸುವುದಿಲ್ಲ. ಸಹಿ ನಕಲಿ ಎಂದು ಅದೇ ಪುಟದಲ್ಲಿ ಬರೆದಿಟ್ಟಿದ್ದೇನೆ. ಮುದ್ರಣ ವಿವರದ ಹಾಳೆಯಿಲ್ಲದ, ನೀಲಿ ಶಾಯಿಯಲ್ಲಿ ‘ಪ್ರೀತಿಯಿಂದ’ ಎಂಬ ಒಕ್ಕಣೆಯ ಕೆಳಗೆ 1966ರ ತಾರೀಖು ಹಾಕಿದ ಇಂಥದೇ ಪ್ರತಿ ನಿಮ್ಮಲ್ಲಿ ಯಾರಿಗಾದರೂ ಬಂದಿದ್ದರೆ, ಮೊದಲು ಕೊನೆಯ ಪುಟದ ವಿಳಾಸ ನೋಡಿ, ದಯವಿಟ್ಟು ಅದನ್ನು ಮತ್ತೊಬ್ಬರಿಗೆ ಮಾರಬೇಡಿ.