ಹಿಂಬದಿಯ ಬಂಪರ್: ಆರು ಮಳೆಗಾಲಗಳ ಲೆಕ್ಕ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಡಾಮರು ರಸ್ತೆ ಮುಗಿದಲ್ಲಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿಯಿದೆ. ಮೊದಲರ್ಧ ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಮೇಲೆ ಸಪಾಟಾಗಿ ಸಾಗುತ್ತದೆ. ಆಮೇಲೆ ಮುರಕಲ್ಲನ್ನು (ಜಂಬಿಟ್ಟಿಗೆ) ಕಡಿದು ಮಾಡಿದ ಇಳಿಜಾರು, ಅದರ ಬುಡದಲ್ಲಿ ಶಿರಿಯ ಹೊಳೆಗೆ ಸೇರುವ ತೋಡು, ತೋಡು ದಾಟಿದೊಡನೆ ಮತ್ತೆ ಏರು. 2019ರ ಕೊನೆಯಲ್ಲಿ ಕೊಂಡ ನನ್ನ ಫೋರ್ ವೀಲ್ ಡ್ರೈವ್ ಜೀಪು ದಿನಕ್ಕೆ ಎರಡು ಸಲವಾದರೂ ಈ ದಾರಿಯಲ್ಲಿ ಹೋಗಿ ಬಂದಿದೆ. ಕಂಪನಿಯ ಹೆಸರು ಇಲ್ಲಿ ಬೇಕಾಗಿಲ್ಲ. ಪ್ರತ್ಯೇಕ ಚಾಸಿಸ್ (ಗಾಡಿಯ ಭಾರ ಹೊರುವ ಅಡಿಯ ಚೌಕಟ್ಟು) ಮೇಲೆ ಕುಳಿತ ಬಾಡಿ, ಹಿಂಬಾಗಿಲಿನಲ್ಲಿ ಸ್ಟೆಪ್ನಿ ಇರುವ ಗಾಡಿ ಎಂದರೆ ಸಾಕು. ಮೊದಲ ಮೂರು ಮಳೆಗಾಲ ಗಾಡಿಯೊಂದಿಗೆ ಬಂದ ಬಂಪರ್ ಇತ್ತು. 2023ರ ಜನವರಿಯಲ್ಲಿ ಹೊರಗಿನ ತಯಾರಕರ ಕಬ್ಬಿಣದ ಬಂಪರ್ ಹಾಕಿಸಿದೆ, ಅದು ಎರಡು ಮಳೆಗಾಲ ಕಂಡಿತು. ಕಳೆದ ವರ್ಷದಿಂದ ಅಟ್ಟದಲ್ಲಿದ್ದ ಹಳೆಯದೇ ಮತ್ತೆ ಗಾಡಿಗೆ ಬಂದಿದೆ.

ಕಂಪನಿಯ ಬಂಪರ್ ಎಂದು ನಾವು ಕಾಣುವುದು ಬಹುಪಾಲು ಪ್ಲಾಸ್ಟಿಕ್ ಹೊದಿಕೆ. ಅದರ ಹಿಂದೆ ಚಾಸಿಸ್ಸಿನ ತುದಿಗೆ ಸಿಕ್ಕಿಸಿದ ತೆಳುವಾದ ಲೋಹದ ಪಟ್ಟಿಯೊಂದಿರುತ್ತದೆ. ಇಳಿಜಾರು ಮುಗಿಯುವಲ್ಲಿ ಮುಂದಿನ ಚಕ್ರಗಳು ತೋಡಿನ ಸಮತಟ್ಟಿಗೆ ಬಂದು ಹಿಂದಿನವು ಇನ್ನೂ ಇಳಿಜಾರಿನ ಮೇಲಿರುವಾಗ, ಅಲ್ಲಿನ ಮುರಕಲ್ಲಿನ ಅಂಚು ಈ ಹೊದಿಕೆಯ ಎಡಮೂಲೆಯನ್ನು ಹಿಡಿದು ಎಳೆಯುತ್ತಿತ್ತು. ಮೊದಲ ವರ್ಷ ಗೀರು, ಎರಡನೆಯ ವರ್ಷ ಕ್ಲಿಪ್ಪುಗಳು ಮುರಿದು ಮೂಲೆ ಜೋತುಬಿತ್ತು, ಮೂರನೆಯ ವರ್ಷದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ರಿಫ್ಲೆಕ್ಟರ್ ಸಮೇತ ಒಂದು ಗೇಣು ತುಂಡು ಕಿತ್ತು ಹೋಗಿ, ಮಳೆ ಬಿಟ್ಟ ಮೇಲೆ ತೋಡಿನ ಕಟ್ಟದ ಬಳಿ ಕಸದ ನಡುವೆ ಸಿಕ್ಕಿತು. ಆಗ ನನಗೆ ಬಂದ ಸಿಟ್ಟೆಲ್ಲ ಬಂಪರಿನ ಮೇಲೆಯೇ.

ಗಾಡಿ ಇಳಿದು ಹೊರಬರುವಾಗ ಬಾಲ ನೆಲಕ್ಕೆ ತಾಗದಂತೆ ಎಷ್ಟು ಕಡಿದಾದ ಏರಿಳಿತವನ್ನು ದಾಟಬಲ್ಲದು ಎಂಬುದನ್ನು ಡಿಪಾರ್ಚರ್ ಆ್ಯಂಗಲ್ ಎನ್ನುತ್ತಾರೆ. ಅನೇಕ ಗಾಡಿಗಳಲ್ಲಿ ಮುಂಭಾಗಕ್ಕಿಂತ ಹಿಂಭಾಗದ ಕೋನ ಕಡಿಮೆ. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ವಿವರಗಳಲ್ಲೂ ಮುಂದಿನದು 41.8 ಡಿಗ್ರಿ, ಹಿಂದಿನದು 36.8 ಡಿಗ್ರಿ. ನನ್ನ ಗಾಡಿಯಲ್ಲಿ ಟೈರಿನ ಬುಡದಿಂದ ಬಂಪರಿನ ಕೆಳ ಅಂಚಿಗೆ ಹಗ್ಗ ಬಿಗಿದು, ಮೊಬೈಲಿನ ಲೆವೆಲ್ ಆ್ಯಪ್ ಅದಕ್ಕೆ ತಾಗಿಸಿ ಹಿಡಿದಾಗ 31 ಡಿಗ್ರಿ ಬಂತು. ಕಬ್ಬಿಣದ ಬಂಪರ್ ಹಾಕಿದ ಮೇಲೆ, ಅದರ ಕೆಳ ಅಂಚು ಸುಮಾರು 8 ಸೆಂಟಿಮೀಟರ್ ಮೇಲಿದ್ದುದರಿಂದ, ಅದೇ ಹಗ್ಗ 35 ಡಿಗ್ರಿ ದಾಟಿತು. ಇಳಿಜಾರಿನಲ್ಲಿ ಮೂಲೆ ತಾಗುವುದು ನಿಂತೇ ಹೋಯಿತು ಎನ್ನುವಷ್ಟು ವ್ಯತ್ಯಾಸ ಅದು. ಆದರೆ ಬಂಪರ್ ಮೇಲೇರಿದರೂ ಸೈಲೆನ್ಸರ್ ಇದ್ದಲ್ಲಿಯೇ ಇತ್ತು. ಅಲ್ಲಿಯವರೆಗೆ ಪ್ಲಾಸ್ಟಿಕ್ಕಿನ ಮರೆಯಲ್ಲಿದ್ದ ಅದರ ತುದಿಯೇ ಈಗ ಎಲ್ಲಕ್ಕಿಂತ ಕೆಳಗಾಗಿ, ಜೂನ್ ಮುಗಿಯುವುದರೊಳಗೆ ಚಪ್ಪಟೆಯಾಯಿತು.

ತೂಕದ ವಿಚಾರದಲ್ಲಿ ಅಡಿಕೆ ತೂಗುವ ತಕ್ಕಡಿ ಸುಳ್ಳು ಹೇಳಲಾರದು: ಬ್ರ್ಯಾಕೆಟ್ ಸಹಿತ ಕಂಪನಿಯದು 11 ಕಿಲೋ, ಕಬ್ಬಿಣದ್ದು 43 ಕಿಲೋ. 4 ಮಿಲಿಮೀಟರ್ ದಪ್ಪದ ತಗಡು ಒಂದು ಚದರ ಮೀಟರಿಗೆ 31 ಕಿಲೋ ಮೀರಿ ತೂಗುತ್ತದೆ ಎಂದಮೇಲೆ ಇದರಲ್ಲಿ ಅಚ್ಚರಿಯಿಲ್ಲ. ಈ ಭಾರ ಬೀಳುವುದು ಹಿಂದಿನ ಆ್ಯಕ್ಸಿಲಿನ ಆಚೆಗೆ. ಹಾಗಾಗಿ ಅದು ಹಿಂದಿನ ಸ್ಪ್ರಿಂಗನ್ನು ಒತ್ತುವುದಲ್ಲದೆ ಮುಂದಿನ ಚಕ್ರಗಳ ಮೇಲಿನ ಭಾರವನ್ನು ತುಸು ಎತ್ತಿಯೂ ಬಿಡುತ್ತದೆ. ಖಾಲಿ ಗಾಡಿಯಲ್ಲಿ ನನಗದು ಗೊತ್ತಾಗಲಿಲ್ಲ. ಹಿಂದೆ ಗೊಬ್ಬರದ ಮೂಟೆಗಳಿದ್ದಾಗ ತೋಡಿನ ಆಚೆಯ ಏರಿನಲ್ಲಿ ಸ್ಟಿಯರಿಂಗ್ ಹಗುರಾಗುವುದು ಚೆನ್ನಾಗಿಯೇ ತಿಳಿಯುತ್ತಿತ್ತು.

ಬಂಪರ್ ಕೊಳ್ಳುವವರು ತಗಡಿನ ದಪ್ಪವನ್ನೂ ಬಣ್ಣದ ಹೊಳಪನ್ನೂ ನೋಡುತ್ತಾರೆ. ನಾನೂ ಅಷ್ಟನ್ನೇ ನೋಡಿದ್ದೆ. ಬದಿಯಡ್ಕದಲ್ಲಿ ಅದನ್ನು ಜೋಡಿಸಿದ ಮೆಕ್ಯಾನಿಕ್ ಪೆಟ್ಟಿಗೆಯೊಳಗಿದ್ದ ಬೋಲ್ಟೊಂದನ್ನು ಬೆಳಕಿಗೆ ಹಿಡಿದು, “ಅಣ್ಣಾ, ಇದರ ತಲೆಯಲ್ಲಿ ನಂಬರೇ ಇಲ್ಲ. ಇದನ್ನು ನಂಬಿ ಯಾರನ್ನೂ ಎಳೆಯಲಿಕ್ಕೆ ಹೋಗಬೇಡಿ” ಎಂದ. ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಾಗಿರುತ್ತದೆ. 8.8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಸೆಳೆತವನ್ನು ತಾಳಬಲ್ಲದು, ಅದರ ಶೇಕಡಾ 80ರವರೆಗೆ ಕಾಯಂ ಆಗಿ ಹಿಗ್ಗುವುದಿಲ್ಲ ಎಂದರ್ಥ. ಎಂಟೂ ಬೋಲ್ಟುಗಳನ್ನು ಬದಲಾಯಿಸಿದೆವು, ಖರ್ಚು ಅತ್ಯಲ್ಪ. ಈ ಬಂಪರಿನ ಎರಡು ಎಳೆಯುವ ಕೊಂಡಿಗಳಲ್ಲಿ ಒಂದು ಚಾಸಿಸ್ಸಿಗೆ ಹೋಗುವ ಬ್ರ್ಯಾಕೆಟ್ಟಿನ ನೇರಕ್ಕಿತ್ತು, ಇನ್ನೊಂದು ಬರಿಯ ತಗಡಿಗೆ ಬೆಸುಗೆ ಹಾಕಿದ್ದು. ಎರಡನೆಯದನ್ನು ನಾನು ಹಗ್ಗ ಸುತ್ತಿಡಲಿಕ್ಕಷ್ಟೇ ಬಳಸಿದೆ. ಮೊದಲನೆಯದರಿಂದ ತೋಡಿನಲ್ಲಿ ಹೂತ ಪಿಕಪ್ಪೊಂದನ್ನು ಎರಡು ಬಾರಿ ನಿರಾತಂಕವಾಗಿ ಎಳೆದಿದ್ದೇನೆ, ಹೈ ಲಿಫ್ಟ್ ಜಾಕ್ ಕೊಟ್ಟು ಗಾಡಿಯನ್ನು ಎತ್ತಿದ್ದೇನೆ. ಪ್ಲಾಸ್ಟಿಕ್ ಬಂಪರಿಗೆ ಆ ಜಾಕ್ ಕೊಡುವಂತೆಯೇ ಇಲ್ಲ.

ತುಕ್ಕಿನ ಅನುಭವ ಅಡಿಕೆ ಕೃಷಿಕರಿಗೆ ಮಾತ್ರ ಆಗುವಂಥದ್ದು. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಒಂದು ಕಿಲೋ, ಸುಣ್ಣ ಒಂದು ಕಿಲೋ. ಸುಣ್ಣ ಸಾಕಾಗಿದೆಯೇ ಎಂದು ನೋಡಲು ಪೀಶಕತ್ತಿಯನ್ನು ಅದ್ದುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು: ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಇನ್ನೂ ಬೇಕು. ಸುಣ್ಣ ಬೆರೆಸುವ ಮೊದಲಿನ ಮೈಲುತುತ್ತಿನ ನೀರು ಡ್ರಮ್ಮಿನಿಂದ ತುಳುಕಿ, ಬಂಪರಿನಲ್ಲಿ ಪೌಡರ್ ಕೋಟಿಂಗ್ ಚಕ್ಕೆ ಎದ್ದಲ್ಲಿಗೆ ಬಿದ್ದಿತು. ಸಂಜೆಗೆ ಅಲ್ಲಿ ಅದೇ ಕೆಂಪು. ತಾಮ್ರ ಕುಳಿತಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಉಜ್ಜಿ ನೋಡಿದರೆ ಕೆಳಗೆ ಸಣ್ಣ ಸಣ್ಣ ಗುಳಿಗಳು. ಅದಕ್ಕಿಂತ ದೊಡ್ಡ ದೋಷವೆಂದರೆ ಬಂಪರಿನ ಒಳಮೂಲೆಗಳಲ್ಲಿ ನೀರಿಳಿಯುವ ತೂತುಗಳೇ ಇರಲಿಲ್ಲ. ಒಳಗೆ ಸೇರಿದ ಕೆಂಪು ಕೆಸರು ನವೆಂಬರ್‌ವರೆಗೂ ಹಸಿಯಾಗಿಯೇ ಇದ್ದು, ಬಿಟ್ಟು ಬಿಟ್ಟು ಹಾಕಿದ ಬೆಸುಗೆಯ ಸಂದುಗಳಿಂದ ತುಕ್ಕು ಹೊರಟಿತು. ಎರಡನೆಯ ಮಳೆಗಾಲಕ್ಕೆ ಮೊದಲು ನಾಲ್ಕು ತೂತು ಕೊರೆಸಿ, ಸಂದುಗಳಿಗೆ ಝಿಂಕ್ ಪ್ರೈಮರ್ ಹಚ್ಚಿಸಿದ ಮೇಲೆ ಅದು ಮುಂದೆ ಹೋಗಲಿಲ್ಲ.

ನನ್ನ ಅಭಿಪ್ರಾಯ ಬದಲಾದುದು 2024ರ ನವೆಂಬರಿನಲ್ಲಿ. ಕುಂಬಳೆಯ ಬಳಿ ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ ನಿಂತಿದ್ದ ನನ್ನ ಗಾಡಿಗೆ ಹಿಂದಿನಿಂದ ಸಣ್ಣ ಕಾರೊಂದು ಗುದ್ದಿತು. ವೇಗ ಹೆಚ್ಚಿರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆ ಕಾರಿನ ಬಾನೆಟ್ ಮಡಚಿ ರೇಡಿಯೇಟರಿನಿಂದ ನೀರು ಸೋರುತ್ತಿದ್ದರೆ, ನನ್ನ ಬಂಪರಿನಲ್ಲಿ ಬೆರಳಗಲದ ಗೀರು ಮಾತ್ರ. ಸೇರಿದವರೆಲ್ಲ ಬಂಪರನ್ನು ಹೊಗಳಿದರು, ನಾನೂ ಒಳಗೊಳಗೆ ಬೀಗಿದೆ. ವಾರದ ಬಳಿಕ ಹಿಂಬಾಗಿಲು ಹಾಕುವಾಗ ಎಡಬದಿಯ ಸಂದು ಬಲಬದಿಗಿಂತ ದೊಡ್ಡದಾಗಿ ಕಂಡಿತು. ಬಿಚ್ಚಿಸಿದಾಗ ಚಾಸಿಸ್ಸಿನ ಎಡ ತುದಿ ಒಳಕ್ಕೆ ಸರಿದು, ದುಂಡಗಿದ್ದ ಬೋಲ್ಟಿನ ತೂತುಗಳು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿದ್ದವು. ಬಂಪರ್ ಬಾಗದಿದ್ದ ಕಾರಣ ಪೆಟ್ಟು ಚಾಸಿಸ್ಸಿಗೆ ದಾಟಿತ್ತು. ಕಂಪನಿಯ ಹೊದಿಕೆ ಮತ್ತು ಅದರ ತೆಳುಪಟ್ಟಿ ಮುರಿದು ಚೂರಾಗುವುದರಿಂದಲೇ ಉಳಿಸುವುದನ್ನು ಉಳಿಸುತ್ತವೆ ಎಂಬುದು ನನಗೆ ಅರ್ಥವಾಗಲು ಐದು ವರ್ಷ ಹಿಡಿಯಿತು.

ರಿಪೇರಿಯ ಖರ್ಚಿಗೆ ವಿಮೆಯವರನ್ನು ಕೇಳಿದಾಗ ಸರ್ವೇಯರ್ ಮೊದಲು ಕೇಳಿದ್ದು ಆರ್‌ಸಿಯಲ್ಲಿ ಈ ಬದಲಾವಣೆ ನಮೂದಾಗಿದೆಯೇ ಎಂದು. ನಮೂದಾಗಿರಲಿಲ್ಲ, ಚಾಸಿಸ್ ಕೆಲಸದ ಹಣ ನನ್ನ ಕೈಯಿಂದಲೇ ಹೋಯಿತು. ಇದರಲ್ಲಿ ಅವರನ್ನು ದೂರುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವ ಬದಲಾವಣೆಯನ್ನು ತಡೆಯುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್‌ಗಳ (ಬಂಪರಿನ ಮೇಲೆ ಹಾಕಿಸುವ ಲೋಹದ ಕಂಬಿಗಳು) ವಿರುದ್ಧ ರಾಜ್ಯಗಳಿಗೆ ಬರೆದದ್ದೂ ಇದೇ ಕಲಮಿನ ಆಧಾರದಲ್ಲಿ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆಯ ಅವಕಾಶವೂ ಇದೆ. ಅಂಗಡಿಯವನು 26,000 ರೂಪಾಯಿ ಎಣಿಸಿಕೊಳ್ಳುವಾಗ ಇದಾವುದನ್ನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಪಾರ್ಕಿಂಗ್ ಸೆನ್ಸರ್ ಬಗ್ಗೆ ಒಂದು ಮಾತು. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಅದು ಕಡ್ಡಾಯ. ಕಬ್ಬಿಣದ ಬಂಪರಿನಲ್ಲಿ ಅದಕ್ಕೆ ತೂತುಗಳಿದ್ದರೂ ರಬ್ಬರ್ ಉಂಗುರ ಹಾಕಿಸುವವರೆಗೆ, ಹಿಂದೆ ಏನೂ ಇಲ್ಲದಾಗಲೂ ಅರಚುತ್ತಿತ್ತು.

ಈಗ ಹಳೆಯ ಬಂಪರಿಗೆ ಹೊಸ ಹೊದಿಕೆ, ಹೊಸ ಕ್ಲಿಪ್ಪುಗಳು ಬಂದಿವೆ. ಎಳೆಯುವ ಕೆಲಸಕ್ಕೆ ಚಾಸಿಸ್ಸಿನಲ್ಲಿ ಕಂಪನಿಯೇ ಕೊಟ್ಟ ಕೊಂಡಿಯನ್ನು ಬಳಸುತ್ತಿದ್ದೇನೆ. ಅದು ಕೆಸರಿನಲ್ಲಿ ಕೈಗೆ ಸಿಗುವುದು ಕಷ್ಟ ಎಂಬ ದೂರು ಹಾಗೆಯೇ ಉಳಿದಿದೆ. ಕಳೆದ ಮೇ ತಿಂಗಳಲ್ಲಿ ಇಬ್ಬರು ಆಳುಗಳು ಪಿಕ್ಕಾಸು ಹಿಡಿದು, ಇಳಿಜಾರಿನ ಬುಡದ ಆ ಮುರಕಲ್ಲಿನ ಅಂಚನ್ನು ಒಂದೂವರೆ ದಿನದಲ್ಲಿ ಕಡಿದು ಓರೆ ಮಾಡಿಕೊಟ್ಟರು. ಅದಾದ ಮೇಲಿನ ಮಳೆಗಾಲದಲ್ಲಿ ಎಡಮೂಲೆ ತಾಗಿದ್ದು ಒಂದೇ ಸಲ, ಅದೂ ನಾನು ರಾತ್ರಿ ಅವಸರದಲ್ಲಿ ಇಳಿಸಿದಾಗ.