ದ್ರಾಕ್ಷಿ ಚಾಟ್ನಿ ಆದ ಮೇಲೆ ಡೌನಿಗೆ ಯಾವ ಔಷಧ?

ವಿಜಯಪುರದ ಕಡೆ ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಮುಗಿದು ಚಿಗುರು ಒಡೆಯುವ ಹೊತ್ತಿಗೇ ಹಿಂಗಾರು ಮಳೆಯೂ ಹಿಡಿಯುತ್ತದೆ. ಡೌನಿ ಎಂಬ ಬೂಸ್ಟು ರೋಗಕ್ಕೆ ಬೇಕಾದದ್ದೂ ಅದೇ. ಎಲೆಗೆ ಬಂದರೆ ಹೇಗೋ ಸುಧಾರಿಸಬಹುದು, ಹೂಗೊನೆಗೆ ಬಂದರೆ ಆ ವರ್ಷದ ಫಸಲೇ ಕೈಬಿಟ್ಟ ಹಾಗೆ. ಅದಕ್ಕೇ ನಮ್ಮ ಥಾಮ್ಸನ್ ತಳಿಯ ದ್ರಾಕ್ಷಿ ಪಡದಲ್ಲಿ ಸಾಲು ಬೇರೆ ಮಾಡಿ ಔಷಧ ಹೊಡೆದು ನೋಡಿದೆ.

ಬರಿ ಕಡ್ಡಿಗೆ ಬೋರ್ಡೋ ದ್ರಾವಣವೇ ಸೈ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸಬೇಕು. ತೊಳೆದ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಇನ್ನೂ ಬೇಕು ಅಂತ ಅರ್ಥ. ತಾಮ್ರದ್ದೇ ಇನ್ನೊಂದು ಔಷಧ ಕಾಪರ್ ಆಕ್ಸಿಕ್ಲೋರೈಡ್‌ಗೆ ಈ ತಾಪತ್ರಯ ಇಲ್ಲ, ಪೊಟ್ಟಣ ಒಡೆದು ಕಲಸಿದರೆ ಆಯ್ತು. ಆದರೆ ಜೋರು ಮಳೆ ಬಿದ್ದ ಮೇಲೆ ಬೋರ್ಡೋ ಹೊಡೆದ ಕಡ್ಡಿ ಇನ್ನೂ ನೀಲಿಯಾಗಿಯೇ ಇತ್ತು, ಆಕ್ಸಿಕ್ಲೋರೈಡ್ ತೊಳೆದು ಹೋಗಿತ್ತು. ಬೋರ್ಡೋ ಕಲಸಿದ ದಿನವೇ ಖಾಲಿ ಮಾಡಿ. ಎಳೆ ಚಿಗುರಿಗೆ ಮಾತ್ರ ಬೇಡ, ಸುಡುತ್ತದೆ.

ಮೂರು ಎಲೆ ಬಿಚ್ಚಿದ ಮೇಲೆ ನಿಜವಾದ ಪೈಪೋಟಿ ಮ್ಯಾಂಕೋಜೆಬ್‌ಗೂ ಮೆಟಲಾಕ್ಸಿಲ್ ಸೇರಿದ ಔಷಧಕ್ಕೂ. ಮ್ಯಾಂಕೋಜೆಬ್ ಎಲೆಯ ಮೇಲಷ್ಟೇ ಕೂರುತ್ತದೆ. ರಾತ್ರಿಯೆಲ್ಲ ಜಿಟಿಜಿಟಿ ಮಳೆ ಹಿಡಿದ ಮೇಲೆ ಕೆಲ ದಿನ ಬಿಟ್ಟು ಆ ಸಾಲಿನ ಎಲೆ ಮಗುಚಿ ನೋಡಿದೆ. ಔಷಧ ಬಿದ್ದ ಕೆಳಗಿನ ಎಲೆಗಳು ಚೊಕ್ಕಟವಾಗಿದ್ದವು. ಆಮೇಲೆ ಬಿಚ್ಚಿದ ತುದಿ ಎಲೆಗಳಲ್ಲಿ ಮೇಲೆ ಎಣ್ಣೆ ಕಲೆ, ಅಡಿಗೆ ಬಿಳಿ ಬೂಸ್ಟು. ಮೆಟಲಾಕ್ಸಿಲ್ ಎಲೆಯೊಳಗೆ ಇಳಿದು ತುದಿಯ ಕಡೆಗೂ ಏರುತ್ತದೆ, ಆ ಸಾಲಿನಲ್ಲಿ ಕಲೆ ತೀರಾ ಕಡಿಮೆ. ಹಾಗಂತ ಪ್ರತಿ ಸಲ ಅದನ್ನೇ ಹೊಡೆದರೆ ರೋಗ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಸುಮ್ನೆ ದುಡ್ಡು ದಂಡ. ಮೋಡ ಕಟ್ಟಿದಾಗ, ಮಳೆಗೆ ಮೊದಲೇ ಮ್ಯಾಂಕೋಜೆಬ್. ಎಲೆ ರಾತ್ರಿಯಿಡೀ ನೆನೆದರೆ ಆಗ ಮೆಟಲಾಕ್ಸಿಲ್. ನನ್ನ ಲೆಕ್ಕ ಇದು. ರಫ್ತು ಮಾಡುವವರು ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಪುಣೆಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಪಟ್ಟಿ ನೋಡಲೇಬೇಕು.

ಬೇಡದ ಚಿಗುರು ಕಿತ್ತು ಗಾಳಿ ಆಡಲು ಬಿಟ್ಟ ಸಾಲುಗಳಲ್ಲಿ ಎರಡೂ ಔಷಧ ಜಾಸ್ತಿ ಕೆಲಸ ಮಾಡಿದವು. ಎಲೆ ಬೇಗ ಒಣಗುತ್ತದಲ್ವಾ!

ಬೂದಿ ರೋಗಕ್ಕೆ ಇವೆರಡೂ ನೆಚ್ಚಿಕೆಯಲ್ಲ. ಅದಕ್ಕೆ ನೀರಲ್ಲಿ ಕಲಸಿ ಹೊಡೆಯುವ ಗಂಧಕ ಆಗುತ್ತದೆ, ಅದೂ ಬಿಸಿಲು ಏರುವ ಮುಂಚೆ.